ಹಿಂದೆ ಕೂತವರ ಚರಿತ್ರೆ: ತಂಬೂರಿಯಿಂದ ಲೂಪರ್ ಪೆಡಲ್‌ವರೆಗೆ

ಚನ್ನರಾಯಪಟ್ಟಣದ ಕಡೆ ಗಣಪತಿ ಹಬ್ಬ, ರಾಜ್ಯೋತ್ಸವ ಬಂತೆಂದರೆ ಆರ್ಕೆಸ್ಟ್ರಾ ಬರುತ್ತದೆ. ಮೊದಲು ವೇದಿಕೆ ತುಂಬ ಜನ ಇರುತ್ತಿದ್ದರು. ಈಗ ಒಂದು ಕೀಬೋರ್ಡ್, ಒಂದು ರಿದಮ್ ಪ್ಯಾಡ್, ಇಬ್ಬರು ಗಾಯಕರು ಇದ್ದರೆ ಕಾರ್ಯಕ್ರಮ ನಡೆದುಹೋಗುತ್ತದೆ. ಇನ್ನೂ ಖರ್ಚು ಕಡಿಮೆ ಮಾಡಬೇಕೆಂದರೆ ಪೆನ್‌ಡ್ರೈವಿನಲ್ಲಿ ಟ್ರ್ಯಾಕ್ ಹಾಕಿ ಹಾಡುತ್ತಾರೆ. ಇತ್ತೀಚೆಗೆ ಗಿಟಾರ್ ಕಲಿತ ಹುಡುಗರು ಮೊಬೈಲಿನಲ್ಲಿ ಇನ್ನೊಂದು ಬಗೆಯ ವಿಡಿಯೋ ನೋಡುತ್ತಿದ್ದಾರೆ. ಒಬ್ಬನೇ ನಿಂತಿರುತ್ತಾನೆ. ಗಿಟಾರಿನಲ್ಲಿ ನಾಲ್ಕು ಸೆಕೆಂಡು ಏನೋ ನುಡಿಸಿ ಕಾಲಿನಿಂದ ಒಂದು ಗುಂಡಿ ಒತ್ತುತ್ತಾನೆ. ನುಡಿಸಿದ್ದು ತಾನಾಗಿಯೇ ಸುತ್ತತೊಡಗುತ್ತದೆ. ಅದರ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ. ಎರಡು ನಿಮಿಷದಲ್ಲಿ ಒಬ್ಬನೇ ಒಂದು ಮೇಳ ಆಗಿಬಿಡುತ್ತಾನೆ.

ಆ ಗುಂಡಿಯ ಹೆಸರು ಲೂಪರ್ ಪೆಡಲ್. ಅದರ ಪಕ್ಕದಲ್ಲಿರುವ ಇನ್ನೊಂದು ಡಬ್ಬಿ ಆಂಪ್ ಮಾಡೆಲರ್. ಎರಡೂ ಪರದೇಶದ ಸಾಮಾನು, ನಮಗೆ ಹೊಸದು ಅನ್ನಿಸುತ್ತದೆ. ಆದರೆ ಅವು ಮಾಡುವ ಕೆಲಸ ನಮ್ಮ ಜಿಲ್ಲೆಗೆ ಬಹಳ ಹಳೆಯದು. ಹಾಡುವವನ ಹಿಂದೆ ಕೂತು ಒಂದೇ ನಾದವನ್ನು ಸುಮ್ಮನೆ ಸುತ್ತಿಸುತ್ತಿದ್ದ ಜನ ನಮ್ಮಲ್ಲಿ ತಲೆಮಾರುಗಳಿಂದ ಇದ್ದರು. ಅವರ ಜಾಗಕ್ಕೆ ಯಂತ್ರ ಬಂದದ್ದು ಹೇಗೆ, ಬಂದಾಗ ಸಿಕ್ಕಿದ್ದೇನು, ಹೋದದ್ದೇನು ಎಂಬುದನ್ನು ಈ ಬರಹದಲ್ಲಿ ನೋಡೋಣ.

ಶ್ರುತಿ ಹಿಡಿಯುವುದೂ ಒಂದು ಕೆಲಸ

ನಮ್ಮ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿ ಇದೆ. ಹೊಯ್ಸಳರ ರಾಣಿ ಶಾಂತಲೆ 1123ರಲ್ಲಿ ಕಟ್ಟಿಸಿದ್ದು. ಶಾಸನಗಳು ಆಕೆಯನ್ನು ಗೀತ, ವಾದ್ಯ, ನೃತ್ಯಗಳಲ್ಲಿ ನಿಪುಣೆ ಎಂದು ಹೊಗಳುತ್ತವೆ. ಬೇಲೂರು, ಹಳೇಬೀಡಿನ ಗೋಡೆಗಳಲ್ಲಿ ಮದ್ದಳೆ ಬಡಿಯುವವರು, ಕೊಳಲು ಊದುವವರು, ತಾಳ ಹಾಕುವವರು ಸಾಲುಸಾಲಾಗಿ ನಿಂತಿದ್ದಾರೆ. ಕುಣಿಯುವವಳ ಹೆಸರು ಉಳಿಯಿತು, ಪಕ್ಕದಲ್ಲಿ ತಾಳ ಹಾಕಿದವನ ಹೆಸರು ಉಳಿಯಲಿಲ್ಲ.

ನಮ್ಮ ಜನಪದದಲ್ಲೂ ಹಾಗೆಯೇ. ತತ್ವಪದ ಹಾಡುವವರ ಕೈಯಲ್ಲಿ ಏಕತಾರಿ ಇರುತ್ತದೆ. ಒಂದೇ ತಂತಿ, ಒಂದೇ ಸ್ವರ, ಅದು ನಿಲ್ಲುವುದಿಲ್ಲ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರ ಕೈಯಲ್ಲಿ ತಂಬೂರಿ. ಮದುವೆ ಮನೆಯ ವಾಲಗದಲ್ಲಿ ಗಮನವಿಟ್ಟು ನೋಡಿದ್ದರೆ ಗೊತ್ತಿರುತ್ತದೆ. ನಾಗಸ್ವರ ಊದುವವರು ಮುಂದೆ, ಡೋಲಿನವರು ಪಕ್ಕದಲ್ಲಿ, ಹಿಂದೆ ಒಬ್ಬ ಹುಡುಗ ಕೆನ್ನೆ ಉಬ್ಬಿಸಿಕೊಂಡು ಉಸಿರು ಕಡಿಯದ ಹಾಗೆ ಒಂದೇ ಸ್ವರ ಊದುತ್ತಿರುತ್ತಿದ್ದ. ಅವನು ಶ್ರುತಿಯವನು. ಮೂಗಿನಿಂದ ಉಸಿರು ಎಳೆದು ಕೆನ್ನೆಯಲ್ಲಿ ತುಂಬಿಟ್ಟುಕೊಂಡ ಗಾಳಿಯನ್ನು ಹೊರಗೆ ಬಿಡುವ ಅಭ್ಯಾಸ ಅದು, ಕಷ್ಟದ ಕೆಲಸ. ಆದರೂ ಫೋಟೋ ತೆಗೆಯುವವರು ಅವನನ್ನು ಚೌಕಟ್ಟಿನೊಳಗೆ ಸೇರಿಸುತ್ತಿರಲಿಲ್ಲ.

ಶಾಸ್ತ್ರೀಯ ಸಂಗೀತದಲ್ಲಿ ಈ ಕೆಲಸ ತಂಬೂರಿಯದು. ನಾಲ್ಕು ತಂತಿ: ಒಂದು ಪಂಚಮ, ಎರಡು ಮಧ್ಯ ಷಡ್ಜ, ಒಂದು ಮಂದ್ರ ಷಡ್ಜ. ಬೆರಳು ಒಂದರ ನಂತರ ಒಂದು ತಂತಿಯನ್ನು ಮೀಟುತ್ತದೆ, ಕೊನೆಯದಾದ ಮೇಲೆ ಮತ್ತೆ ಮೊದಲಿನಿಂದ. ಗಾಣದೆತ್ತಿನ ಹಾಗೆ ಸುತ್ತು. ಕುದುರೆಯ ಮೇಲೆ ತಂತಿಯ ಕೆಳಗೆ ಒಂದು ಎಳೆ ನೂಲು ಸಿಕ್ಕಿಸಿರುತ್ತಾರೆ. ಆ ನೂಲು ಸರಿಯಾದ ಜಾಗದಲ್ಲಿ ಕೂತರೆ ತಂತಿ ಕುದುರೆಯನ್ನು ಸವರಿಕೊಂಡು ಕಂಪಿಸುತ್ತದೆ, ಒಂದು ಸ್ವರದೊಳಗಿನಿಂದ ಹತ್ತಾರು ಸಣ್ಣ ಸ್ವರಗಳು ಏಳುತ್ತವೆ. ತಂಬೂರಿಯ ಝೇಂಕಾರ ಎನ್ನುವುದು ಇದನ್ನೇ. ಈ ನೂಲಿನ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ತಂಬೂರಿಯ ಊರು ಎಂದರೆ ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ. ಕಾವೇರಿ ದಡದ ಈ ಊರಿನಿಂದ ಬಂದ ಸಂಗೀತಗಾರರ ಪಟ್ಟಿ ದೊಡ್ಡದು. 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸಹೋದರರು ಎಂದೇ ಹೆಸರಾದ ತ್ಯಾಗರಾಜನ್ ಮತ್ತು ತಾರಾನಾಥನ್, ವಿದ್ವಾನ್ ಆರ್.ಕೆ. ಪದ್ಮನಾಭ. ಪದ್ಮನಾಭ ಅವರು ಊರಿನಲ್ಲಿ ಕಟ್ಟಿಸಿದ ಸಪ್ತಸ್ವರ ಮಂದಿರ ತಂಬೂರಿಯ ಆಕಾರದಲ್ಲೇ ಇದೆ. ಮುಂದೆ ಕೂತು ಹಾಡುವವರ ಊರು, ಹಿಂದೆ ಕೂರುವ ವಾದ್ಯಕ್ಕೆ ಗುಡಿ ಕಟ್ಟಿತು ಎಂದು ನಾವು ಓದಿಕೊಳ್ಳುತ್ತೇವೆ.

ಆ ಕಾಲದ ಪಾಠದ ಕ್ರಮದಲ್ಲಿ ತಂಬೂರಿ ಹಿಡಿಯುವವರು ಸಾಮಾನ್ಯವಾಗಿ ಶಿಷ್ಯರು. ಗುರುಗಳ ಕಚೇರಿಯಲ್ಲಿ ಎರಡು ಮೂರು ಗಂಟೆ ಹಿಂದೆ ಕೂತು ಮೀಟಬೇಕು. ಸಂಬಳ ಕಡಿಮೆ ಅಥವಾ ಇಲ್ಲ. ಆದರೆ ಅಷ್ಟು ಹೊತ್ತೂ ಕಿವಿ ಕೆಲಸ ಮಾಡುತ್ತಿರುತ್ತದೆ. ಯಾವ ರಾಗವನ್ನು ಎಲ್ಲಿಂದ ಎತ್ತುತ್ತಾರೆ, ಜನ ಬೇಸರಪಟ್ಟಾಗ ಏನು ಹಾಡುತ್ತಾರೆ, ತಪ್ಪಿದಾಗ ಹೇಗೆ ಮುಚ್ಚಿಕೊಳ್ಳುತ್ತಾರೆ ಎಂಬ ಪಾಠ ಪುಸ್ತಕದಲ್ಲಿ ಸಿಗುವುದಿಲ್ಲ. ಹಿಂದೆ ಕೂರುವುದೇ ಒಂದು ಶಾಲೆಯಾಗಿತ್ತು.

ಮೊದಲ ಪೆಟ್ಟಿಗೆ

ಈ ಜಾಗಕ್ಕೆ ಬಂದ ಮೊದಲ ಯಂತ್ರ ಹಾರ್ಮೋನಿಯಂ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆನ್ 1840ರ ಸುಮಾರಿಗೆ ಕಾಲಲ್ಲಿ ತಿದಿ ಒತ್ತುವ ಪೆಟ್ಟಿಗೆ ಮಾಡಿದ. ಅದನ್ನು ನೆಲದ ಮೇಲೆ ಕೂತು ಕೈಯಲ್ಲಿ ಒತ್ತುವ ಹಾಗೆ ಬದಲಾಯಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್, 1875ರ ಹೊತ್ತಿಗೆ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಂಥ ನಾಟಕ ಮಂಡಳಿಗಳು ಈ ಪೆಟ್ಟಿಗೆಯನ್ನು ಊರೂರಿಗೆ ಹೊತ್ತು ತಂದವು. ಇವತ್ತಿಗೂ ನಮ್ಮ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಕಲಿಸಲು ಬರುವವರನ್ನು 'ಹಾರ್ಮೋನಿಯಂ ಮೇಷ್ಟ್ರು' ಎಂದೇ ಕರೆಯುತ್ತೇವೆ. ನಾಟಕದ ಮೇಷ್ಟ್ರು ಎನ್ನುವುದಿಲ್ಲ. ಪಾತ್ರಧಾರಿಗೆ ಶ್ರುತಿ ಕೊಡುವುದು, ಮಟ್ಟು ಹೇಳಿಕೊಡುವುದು, ಮಾತು ಮರೆತರೆ ಎತ್ತಿಕೊಡುವುದು, ಎಲ್ಲ ಅವರದೇ. ಪೆಟ್ಟಿಗೆ ಬಂದರೂ ಅದರ ಹಿಂದೆ ಮನುಷ್ಯ ಉಳಿದರು, ಅಷ್ಟೇ ಅಲ್ಲ, ಯಜಮಾನರೇ ಆದರು.

ಎಲ್ಲರಿಗೂ ಇದು ಹಿಡಿಸಲಿಲ್ಲ. ಹಾರ್ಮೋನಿಯಂ ಮನೆಗಳ ಸ್ವರ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ, ಗಮಕಕ್ಕೆ ಬೇಕಾದ ಜಾರುವಿಕೆ ಅದರಲ್ಲಿಲ್ಲ ಎಂಬ ಆಕ್ಷೇಪ ಬಂತು. ಆಲ್ ಇಂಡಿಯಾ ರೇಡಿಯೋ 1940ರಲ್ಲಿ ಹಾರ್ಮೋನಿಯಂ ಅನ್ನು ತನ್ನ ಕಾರ್ಯಕ್ರಮಗಳಿಂದ ಹೊರಗಿಟ್ಟಿತು. ನಿಷೇಧ ಸಡಿಲವಾದದ್ದು 1971ರಲ್ಲಿ. ಮೂವತ್ತು ವರ್ಷ ರೇಡಿಯೋದಲ್ಲಿ ಬೇಡವೆನಿಸಿಕೊಂಡ ಪೆಟ್ಟಿಗೆ ಹಳ್ಳಿಯ ಭಜನೆ ಮನೆಯಲ್ಲಿ ಒಂದು ದಿನವೂ ನಿಲ್ಲಲಿಲ್ಲ.

ಯಂತ್ರ, ವಾದ್ಯಗಳ ಬದಲಾವಣೆ ಹೊರಗಿನಿಂದಲೇ ಬರಬೇಕೆಂದೇನೂ ಇಲ್ಲ. ತಿರುಮಕೂಡಲಿನ ಟಿ. ಚೌಡಯ್ಯನವರು ಮೈಕಿಲ್ಲದ ದೊಡ್ಡ ಸಭೆಗಳಲ್ಲಿ ಕೊನೆಯ ಸಾಲಿಗೂ ಕೇಳಲೆಂದು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿ ಮಾಡಿದರು. ಅದು 1920ರ ದಶಕದ ಮಾತು. ನಾದ ದೊಡ್ಡದಾಗಬೇಕು ಎಂಬ ಆಸೆ ಗಿಟಾರಿನವರಿಗೆ ಮಾತ್ರ ಇದ್ದದ್ದಲ್ಲ.

ಬೆಂಗಳೂರಿನ ಡಬ್ಬಿ

ತಂಬೂರಿಯ ಜಾಗವನ್ನು ನಿಜವಾಗಿ ತೆಗೆದುಕೊಂಡ ಯಂತ್ರ ಹುಟ್ಟಿದ್ದು ನಮ್ಮ ರಾಜ್ಯದಲ್ಲೇ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಂಜಿನಿಯರ್, ಎಚ್.ಎ.ಎಲ್.ನಲ್ಲಿ ಕೆಲಸ ಮಾಡಿದವರು, ಜೊತೆಗೆ ಕೊಳಲು ವಾದಕರು. 1970ರ ದಶಕದ ಕೊನೆಯಲ್ಲಿ ಅವರು ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ, ಎಲೆಕ್ಟ್ರಾನಿಕ್ ತಂಬೂರಿಗಳನ್ನು ಮಾಡಿ ರಾಡೆಲ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಆಮೇಲೆ ತಬಲದ ಠೇಕಾ ನುಡಿಸುವ 'ತಾಳ್‌ಮಾಲಾ' ಬಂತು. ಸಂಗೀತ ಕಲಿಯುವ ಮನೆಗಳಲ್ಲಿ ಟಿಫನ್ ಡಬ್ಬಿಯಷ್ಟಿರುವ ಈ ಸಾಮಾನು ದೇವರ ಪಟದ ಪಕ್ಕದಲ್ಲಿ ಕೂತಿತು.

ಇದರಿಂದ ಸಿಕ್ಕಿದ ಲಾಭ ಸಣ್ಣದಲ್ಲ. ತಂಬೂರಿ ದುಬಾರಿ, ಸೂಕ್ಷ್ಮ, ಬಸ್ಸಿನಲ್ಲಿ ತರಲು ಕಷ್ಟ. ಅದನ್ನು ಶ್ರುತಿ ಮಾಡುವುದಕ್ಕೇ ವರ್ಷಗಳ ಕಿವಿ ಬೇಕು. ಹಳ್ಳಿಯಲ್ಲಿ ಒಬ್ಬಳೇ ಕಲಿಯುವ ಹುಡುಗಿಗೆ ಹಿಂದೆ ಕೂರಲು ಯಾರು ಬರುತ್ತಾರೆ? ಅವಳಿಗೆ ಬೆಳಗಿನ ಐದು ಗಂಟೆಗೆ ಬೇಸರವಿಲ್ಲದೆ ಶ್ರುತಿ ಕೊಟ್ಟದ್ದು ಈ ಡಬ್ಬಿ. ಗುರುವಿನ ಮನೆಯ ಜಗಲಿ ಹತ್ತಲಾಗದವರಿಗೂ ಅದು ಸ್ವರ ಕೊಟ್ಟಿತು. ಕರೆಂಟು ಹೋದಾಗ ಮಾತ್ರ ಮರದ ತಂಬೂರಿಯೇ ವಾಸಿ ಅನ್ನಿಸುತ್ತಿತ್ತು.

ಹೋದದ್ದೂ ಸಣ್ಣದಲ್ಲ. ಡಬ್ಬಿ ವೇದಿಕೆ ಹತ್ತಿದ ಮೇಲೆ ಶಿಷ್ಯ ಕೆಳಗಿಳಿದು ಸಭಿಕರ ನಡುವೆ ಕೂತ. ವಾಲಗದಲ್ಲೂ ಶ್ರುತಿ ಊದುವ ಹುಡುಗನ ಜಾಗಕ್ಕೆ ಬ್ಯಾಟರಿ ಪೆಟ್ಟಿಗೆ ಬಂತು. ಅವನ ಪಾಲಿನ ಸಂಭಾವನೆ ಉಳಿಯಿತು ನಿಜ, ಆದರೆ ಅವನು ಮುಂದೆ ನಾಗಸ್ವರ ಹಿಡಿಯುವ ದಾರಿಯೂ ಅಲ್ಲಿಯೇ ಇತ್ತು. ಮೇಳದೊಳಗೆ ಕಾಲಿಡುವ ಮೊದಲ ಮೆಟ್ಟಿಲು ಅದು.

ಸಮುದ್ರದ ಆಚೆ ಅದೇ ಹುಡುಕಾಟ

ಸುತ್ತುವ ನಾದದ ಹುಡುಕಾಟ ಅದೇ ಕಾಲದಲ್ಲಿ ಅಮೆರಿಕ, ಯುರೋಪಿನಲ್ಲೂ ನಡೆಯುತ್ತಿತ್ತು. ಟೆರ್ರಿ ರೈಲಿ ಎಂಬ ಅಮೆರಿಕದ ಸಂಗೀತಗಾರ 1963ರಲ್ಲಿ ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಒಂದು ಉಪಾಯ ಕಂಡ. ಎರಡು ಟೇಪ್ ರೆಕಾರ್ಡರ್‌ಗಳನ್ನು ದೂರದೂರ ಇಟ್ಟು ಒಂದೇ ಟೇಪನ್ನು ಎರಡರ ಮೂಲಕ ಹಾಯಿಸುವುದು. ಮೊದಲನೆಯದು ದಾಖಲಿಸುತ್ತದೆ, ಎರಡನೆಯದು ಸ್ವಲ್ಪ ಹೊತ್ತಿನ ಮೇಲೆ ಅದನ್ನು ನುಡಿಸುತ್ತದೆ, ನುಡಿಸಿದ್ದು ಮತ್ತೆ ಮೊದಲನೆಯದಕ್ಕೆ ಹೋಗಿ ಸೇರುತ್ತದೆ. ನುಡಿಸಿದ್ದು ಪದರಪದರವಾಗಿ ಬೆಳೆಯುತ್ತದೆ.

ಇದೇ ರೈಲಿ 1970ರಲ್ಲಿ ಹಿಂದೂಸ್ತಾನಿ ಗಾಯಕ ಪಂಡಿತ್ ಪ್ರಾಣನಾಥರ ಶಿಷ್ಯನಾಗಿ ಭಾರತಕ್ಕೂ ಬಂದ. ಪ್ರಾಣನಾಥರು ಕಿರಾನಾ ಘರಾನೆಯವರು. ಈ ಘರಾನೆ ನಮಗೆ ದೂರದ್ದಲ್ಲ. ಕುಂದಗೋಳದ ಸವಾಯಿ ಗಂಧರ್ವ, ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್, ಗದಗದ ಭೀಮಸೇನ ಜೋಶಿ ಎಲ್ಲರೂ ಅದೇ ಘರಾನೆ. ಸ್ವರ ಸರಿಯಾಗಿ ನಿಲ್ಲಬೇಕು, ಅದಕ್ಕೆ ತಂಬೂರಿ ಸರಿಯಾಗಿ ಮಿಡಿಯಬೇಕು ಎಂಬುದು ಆ ಮನೆತನದ ಹಟ. ಸುತ್ತುವ ಟೇಪಿನವನು ಕೊನೆಗೆ ಸುತ್ತುವ ತಂಬೂರಿಯ ಮುಂದೆ ಬಂದು ಕೂತದ್ದು ಕಾಕತಾಳೀಯ ಎನ್ನಲು ನಮಗೆ ಮನಸ್ಸಿಲ್ಲ.

ಎರಡು ಟೇಪಿನ ಈ ಉಪಾಯವನ್ನು ಇಂಗ್ಲೆಂಡಿನ ಬ್ರಯನ್ ಈನೋ ಮತ್ತು ಗಿಟಾರ್ ವಾದಕ ರಾಬರ್ಟ್ ಫ್ರಿಪ್ 1970ರ ದಶಕದಲ್ಲಿ ಗಿಟಾರಿಗೆ ಹೊಂದಿಸಿದರು. 1980ರ ದಶಕದ ಆರಂಭದಲ್ಲಿ ಟೇಪು ಹೋಗಿ ಮೆಮೊರಿ ಚಿಪ್ ಬಂತು. ಎಲೆಕ್ಟ್ರೋ-ಹಾರ್ಮೋನಿಕ್ಸ್ ಕಂಪನಿಯ ಡಬ್ಬಿ 16 ಸೆಕೆಂಡು ನೆನಪಿಟ್ಟುಕೊಳ್ಳುತ್ತಿತ್ತು, ಅದೇ ಆಗ ದೊಡ್ಡದು. 2001ರಲ್ಲಿ ಬಾಸ್ ಕಂಪನಿ ಆರ್‌ಸಿ-20 ಎಂಬ ಕಾಲಿನ ಪೆಡಲ್ ತಂದಿತು, ಅದರ ನೆನಪು ನಿಮಿಷಗಳ ಲೆಕ್ಕಕ್ಕೆ ಬಂತು. ಎಡ್ ಶೀರನ್ ದೊಡ್ಡ ಮೈದಾನಗಳಲ್ಲಿ ಒಬ್ಬನೇ ನಿಂತು ಲೂಪರ್ ಇಟ್ಟುಕೊಂಡು ಹಾಡುವುದನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು.

ಆಂಪ್ ಮಾಡೆಲರ್‌ನ ಕತೆ ಬೇರೆ. ಹಳೆಯ ಗಿಟಾರ್ ಆಂಪ್ಲಿಫೈಯರ್ ಒಳಗೆ ಹಳೆಯ ರೇಡಿಯೋದಲ್ಲಿದ್ದಂಥ ವಾಲ್ವ್ ಇರುತ್ತದೆ. ಜೋರಾಗಿ ಇಟ್ಟರೆ ವಾಲ್ವ್ ದಣಿದು ನಾದ ಒಡೆಯುತ್ತದೆ. ಆ ಒಡೆದ ನಾದವೇ ರಾಕ್ ಸಂಗೀತದ ಗಿಟಾರ್. ಅದು ಬೇಕಾದರೆ ಬೀದಿಗೆಲ್ಲ ಕೇಳುವಷ್ಟು ಜೋರಾಗಿ ನುಡಿಸಬೇಕು, ಮೂವತ್ತು ನಲವತ್ತು ಕಿಲೋ ಪೆಟ್ಟಿಗೆ ಹೊರಬೇಕು. ಆ ವಾಲ್ವ್ ಹೇಗೆ ವರ್ತಿಸುತ್ತದೆ, ಆ ಸ್ಪೀಕರ್ ಹೇಗೆ ಕೇಳುತ್ತದೆ ಎಂಬುದನ್ನು ಲೆಕ್ಕ ಹಾಕಿ ಚಿಪ್ಪಿನೊಳಗೆ ತೋರಿಸುವುದೇ ಮಾಡೆಲಿಂಗ್. ಲೈನ್ 6 ಕಂಪನಿ 1998ರಲ್ಲಿ ತಂದ ಕೆಂಪು ಬಣ್ಣದ, ರಾಜ್ಮಾ ಕಾಳಿನ ಆಕಾರದ 'ಪಾಡ್' ಇದನ್ನು ಮನೆಮನೆಗೆ ಮುಟ್ಟಿಸಿತು. ಈಗ ಕೈಗೆಟಕುವ ಬೆಲೆಯ ಡಬ್ಬಿಗಳಲ್ಲೂ ಮಾಡೆಲರ್ ಮತ್ತು ಲೂಪರ್ ಒಟ್ಟಿಗೇ ಇರುತ್ತವೆ.

ಈಗ ತಂಬೂರಿಯ ಆ ನೂಲನ್ನು ನೆನೆಸಿಕೊಳ್ಳಿ. ಎಲೆಕ್ಟ್ರಾನಿಕ್ ತಂಬೂರಿ ಮಾಡಿದವರ ಮುಂದಿದ್ದ ಸವಾಲೂ ಇದೇ ಆಗಿತ್ತು: ನೂಲು ಹುಟ್ಟಿಸುವ ಝೇಂಕಾರವನ್ನು ನೂಲಿಲ್ಲದೆ ಹುಟ್ಟಿಸುವುದು, ಹುಟ್ಟಿಸಿದ್ದನ್ನು ಕಡಿಯದೆ ಸುತ್ತಿಸುವುದು. ಮೊದಲನೆಯದು ಮಾಡೆಲರ್‌ನ ಕೆಲಸ, ಎರಡನೆಯದು ಲೂಪರ್‌ನ ಕೆಲಸ. ಕಾಲಿನ ಪೆಡಲ್ ಊರಿಗೆ ಬರುವ ಮೊದಲೇ ಎರಡೂ ಕೂಡಿದ ಡಬ್ಬಿ ನಮ್ಮ ಭಜನೆ ಮನೆಗಳಲ್ಲಿತ್ತು.

ಈಗ ಕೊಳ್ಳುವವರಿಗೆ ನಾಲ್ಕು ಮಾತು

ಗಿಟಾರ್ ಹಿಡಿದ ಹುಡುಗರು ಕೇಳುವ ಮೊದಲ ಪ್ರಶ್ನೆ, ಲೂಪರನ್ನು ಮಾಡೆಲರ್‌ಗೆ ಮೊದಲು ಸಿಕ್ಕಿಸಬೇಕೋ ಆಮೇಲೋ ಎಂಬುದು. ಮೊದಲು ಸಿಕ್ಕಿಸಿದರೆ ಲೂಪರ್ ಬರಿಯ ಗಿಟಾರನ್ನು ನೆನಪಿಟ್ಟುಕೊಳ್ಳುತ್ತದೆ. ಅದು ಸುತ್ತುತ್ತಿರುವಾಗ ನೀವು ಮಾಡೆಲರಿನಲ್ಲಿ ನಾದ ಬದಲಿಸಿ ನೋಡಬಹುದು, ನಿಮಗೆ ಬೇಕಾದ ನಾದ ಹುಡುಕಲು ಇದು ಅನುಕೂಲ. ಆದರೆ ಎರಡು ಮೂರು ಪದರ ಒಡೆದ ನಾದದೊಳಗೆ ಒಟ್ಟಿಗೆ ಹೋದರೆ ಕಲಸಿದ ಮುದ್ದೆಯಾಗುತ್ತದೆ. ಆಮೇಲೆ ಸಿಕ್ಕಿಸಿದರೆ ಪ್ರತಿ ಪದರವೂ ತನ್ನ ನಾದವನ್ನು ಉಳಿಸಿಕೊಳ್ಳುತ್ತದೆ. ಕೆಳಗೆ ಮೆತ್ತಗಿನ ಶ್ರುತಿ, ಮೇಲೆ ಚೂಪಾದ ನಾದ ಎರಡೂ ಬೇರೆಬೇರೆ ಕೇಳುತ್ತವೆ. ವೇದಿಕೆಗೆ ಇದೇ ಸರಿ.

ಮಾಡೆಲರ್‌ನಿಂದ ನೇರ ಮಿಕ್ಸರ್‌ಗೆ ಹೋಗುವುದಾದರೆ ಅದರೊಳಗಿನ ಸ್ಪೀಕರ್ ಕ್ಯಾಬಿನೆಟ್ ಆಯ್ಕೆ ಆನ್ ಇರಲಿ. ಗಿಟಾರ್ ಆಂಪಿಗೆ ಹೋಗುವುದಾದರೆ ಆಫ್ ಮಾಡಿ, ಇಲ್ಲದಿದ್ದರೆ ಕಂಬಳಿಯೊಳಗಿಂದ ನುಡಿಸಿದ ಹಾಗೆ ಕೇಳುತ್ತದೆ. ಎರಡನೆಯ, ಮೂರನೆಯ ಪದರ ಹಾಕುವಾಗ ವಾಲ್ಯೂಮ್ ಸ್ವಲ್ಪಸ್ವಲ್ಪ ಇಳಿಸಿ.

ಶ್ರುತಿಗಾಗಿ ಲೂಪರ್ ಬಳಸುವವರಿಗೆ ಒಂದು ಉಪಾಯ. ನೇರವಾಗಿ ಸ-ಪ ನುಡಿಸಿ ಗುಂಡಿ ಒತ್ತಿದರೆ ಸುತ್ತು ಸೇರುವ ಜಾಗದಲ್ಲಿ 'ಟಕ್' ಎಂದು ಕೇಳುತ್ತದೆ. ಅದರ ಬದಲು ಮೊದಲು ಎಂಟು ಸೆಕೆಂಡು ಏನೂ ನುಡಿಸದೆ ಮೌನವನ್ನೇ ದಾಖಲಿಸಿ. ಆಮೇಲೆ ಮೇಲಿನ ಪದರವಾಗಿ ತಂತಿಗಳನ್ನು ಒಂದೊಂದಾಗಿ ಮೀಟಿ. ತಂತಿಯ ಬಾಲ ಸುತ್ತಿನ ಕೊನೆ ದಾಟಿ ಮೊದಲಿಗೆ ಹರಿಯುತ್ತದೆ, ಹೊಲಿಗೆ ಕಾಣುವುದಿಲ್ಲ.

ಇನ್ನು ತಾಳ. ಆದಿತಾಳ ಎಂಟು ಅಕ್ಷರ. ನಿಮಿಷಕ್ಕೆ 80 ಅಕ್ಷರದ ನಡೆಯಲ್ಲಿ ಒಂದು ಆವರ್ತ ಸರಿಯಾಗಿ 6 ಸೆಕೆಂಡು. ನೀವು ಕಾಲಿನ ಗುಂಡಿಯನ್ನು ಹತ್ತನೇ ಒಂದು ಸೆಕೆಂಡು ತಡವಾಗಿ ಒತ್ತಿದಿರಿ ಎನ್ನಿ. ನಿಮ್ಮ ಸುತ್ತು 6.1 ಸೆಕೆಂಡು ಆಗುತ್ತದೆ. ಪಕ್ಕದಲ್ಲಿ ತಬಲದವರು 6 ಸೆಕೆಂಡಿಗೇ ನುಡಿಸುತ್ತಿದ್ದರೆ 20 ಆವರ್ತದಲ್ಲಿ 2 ಸೆಕೆಂಡು ವ್ಯತ್ಯಾಸ ಬೀಳುತ್ತದೆ. ಮನುಷ್ಯ ತಂಬೂರಿ ಮೀಟುವಾಗ, ಹಾರ್ಮೋನಿಯಂ ಮೇಷ್ಟ್ರು ಕೈ ಆಡಿಸುವಾಗ ಇಂಥ ತೊಡಕು ಬರುವುದಿಲ್ಲ. ಪಾತ್ರಧಾರಿ ಒಂದು ಅಕ್ಷರ ಎಳೆದರೆ ಮೇಷ್ಟ್ರು ಕಾಯುತ್ತಾರೆ. ಲೂಪರ್ ಕಾಯುವುದಿಲ್ಲ. ಆದ್ದರಿಂದ ಗುಂಡಿ ಒತ್ತುವ ಮೊದಲು ಕೈಯಲ್ಲಿ ತಾಳ ಹಾಕಿ ಎರಡು ಆವರ್ತ ಎಣಿಸಿ, ಸಮಕ್ಕೆ ಸರಿಯಾಗಿ ಕಾಲು ಇಡಿ. ಇದನ್ನು ಯಾವ ಡಬ್ಬಿಯೂ ನಿಮಗೆ ಕಲಿಸುವುದಿಲ್ಲ.

ಲೆಕ್ಕ ಯಾರ ಹೆಸರಿಗೆ?

ಯಂತ್ರ ಬೇಡ ಎಂದು ನಾವು ಹೇಳುತ್ತಿಲ್ಲ. ಸಣ್ಣ ಮನೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು, ಜೊತೆಗಾರರಿಲ್ಲದೆ, ಯಾರಿಗೂ ತೊಂದರೆ ಕೊಡದೆ ಕಲಿಯುವ ಹುಡುಗ ಹುಡುಗಿಯರಿಗೆ ಈ ಎರಡು ಡಬ್ಬಿಗಳು ದೊಡ್ಡ ಆಸರೆ. ಹಿಂದೆ ಎಲೆಕ್ಟ್ರಾನಿಕ್ ತಂಬೂರಿ ಮಾಡಿದ ಉಪಕಾರವನ್ನೇ ಇವು ಇನ್ನೊಂದು ಬಗೆಯಲ್ಲಿ ಮಾಡುತ್ತಿವೆ.

ಆದರೆ ಕಲಿಯುವಾಗಿನ ಆಸರೆ ಬೇರೆ, ಊರಿನ ಹಬ್ಬದ ವೇದಿಕೆ ಬೇರೆ. ಹಬ್ಬದ ಸಮಿತಿಯವರು ದುಡ್ಡು ಉಳಿಸಲು ತಬಲದವರನ್ನು, ಢೋಲಕ್‌ನವರನ್ನು ಕೈಬಿಟ್ಟಾಗ ಉಳಿಯುವುದು ಕೆಲವು ಸಾವಿರ ರೂಪಾಯಿ. ಹೋಗುವುದು ಮುಂದಿನ ಹುಡುಗ ಪಕ್ಕದಲ್ಲಿ ಕೂತು ನೋಡಿ ಕಲಿಯುವ ಜಾಗ. ಲೂಪರ್ ಹಿಡಿದವರು ಮನಸ್ಸು ಮಾಡಿದರೆ ಆ ಜಾಗವನ್ನು ಉಳಿಸಬಹುದು. ಶ್ರುತಿಯನ್ನು ಪೆಡಲಿಗೆ ಬಿಡಿ, ತಾಳಕ್ಕೆ ಊರಿನ ಒಬ್ಬರನ್ನು ಕೂರಿಸಿಕೊಳ್ಳಿ.

ಇನ್ನೊಂದು ಕೆಲಸ ನಿಮ್ಮ ಕೈಯಲ್ಲಿರುವ ಫೋನಿನಿಂದಲೇ ಆಗುವಂಥದ್ದು. ನಿಮ್ಮೂರಿನಲ್ಲಿ ವಾಲಗಕ್ಕೆ ಶ್ರುತಿ ಊದಿದವರು, ಭಜನೆ ಮನೆಯಲ್ಲಿ ತಿದಿ ಒತ್ತಿದವರು, ಮೂಡಲಪಾಯದ ಆಟದಲ್ಲಿ ರಾತ್ರಿಯೆಲ್ಲ ತಾಳ ಹಾಕಿದವರು ಇನ್ನೂ ಇರಬಹುದು. ಅವರ ಪಕ್ಕ ಕೂತು ರೆಕಾರ್ಡರ್ ಆನ್ ಮಾಡಿ. ಯಾರ ಹಿಂದೆ ಕೂತಿದ್ದಿರಿ, ಯಾವ ಮನೆ ಶ್ರುತಿ, ಏನು ಕೊಡುತ್ತಿದ್ದರು, ಯಾವಾಗ ಬಿಟ್ಟಿರಿ ಎಂದು ಕೇಳಿ. ಹಾಗೆಯೇ ಅವರ ಕೈಯಲ್ಲಿ ಒಂದು ನಿಮಿಷ ಶ್ರುತಿ ಹಿಡಿಸಿ ಅದನ್ನೂ ದಾಖಲಿಸಿಕೊಳ್ಳಿ. ಫೈಲಿಗೆ ಅವರ ಊರು, ಹೆಸರು ಬರೆದಿಡಿ. ಮುಂದೆ ನೀವು ಲೂಪರ್ ಕೊಂಡಾಗ ಅದರಲ್ಲಿ ಮೊದಲು ಸುತ್ತಬೇಕಾದ ನಾದ ಆ ಒಂದು ನಿಮಿಷದ್ದೇ ಆಗಲಿ.